ಉಚ್ಚಾಟಿತ ಸದಸ್ಯನ ಸ್ಥಾನಮಾನ: ಪಕ್ಷಶಿಸ್ತನ್ನು ಕುರಿತ ನ್ಯಾಯನಿರ್ಣಯಗಳ ಒಂದು ವಿಮರ್ಶೆ

೧

ರಾಜಕೀಯ ಪಕ್ಷವು ತನ್ನ ಸದಸ್ಯನೊಬ್ಬನನ್ನು ಹೊರಗೆ ಹಾಕಿದಾಗ ಆತನು ನ್ಯಾಯಾಲಯದ ಬಾಗಿಲನ್ನು ತಟ್ಟಬಹುದೇ? ತಟ್ಟಿದರೆ ನ್ಯಾಯಾಲಯವು ಆ ಬಾಗಿಲನ್ನು ಎಷ್ಟರಮಟ್ಟಿಗೆ ತೆರೆಯಬೇಕು? ಈ ಪ್ರಶ್ನೆಯು ಮೇಲುನೋಟಕ್ಕೆ ನ್ಯಾಯವಾದಿಗಳಿಗೆ ಮಾತ್ರ ಸಂಬಂಧಪಟ್ಟುದೆಂದು ತೋರಬಹುದು. ಆದರೆ ಅದರ ಹಿಂದೆ ರಾಜ್ಯಶಾಸ್ತ್ರದ ಮೂಲಭೂತವಾದ ಬೇರೊಂದು ಪ್ರಶ್ನೆ ಅಡಗಿದೆ. ಪಕ್ಷವೆಂಬುದು ಯಾವ ಬಗೆಯ ಸಂಸ್ಥೆ? ಸಮಾನಮನಸ್ಕರು ತಮ್ಮ ಇಚ್ಛೆಯಿಂದ ಕಟ್ಟಿಕೊಂಡ ಖಾಸಗಿ ಕೂಟವೇ, ಅಥವಾ ರಾಜ್ಯಾಡಳಿತದ ಯಂತ್ರದಲ್ಲಿ ಒಂದು ಅಂಗವೇ? ಮೊದಲನೆಯದಾದರೆ ತನ್ನ ಮನೆಗೆ ಯಾರನ್ನು ಸೇರಿಸಬೇಕು, ಯಾರನ್ನು ಕಳುಹಿಸಬೇಕು ಎಂಬುದು ಅದರ ಸ್ವಂತ ವಿಚಾರ. ಎರಡನೆಯದಾದರೆ ಅದು ಕೊಡುವ ಶಿಕ್ಷೆಯು ಸಾರ್ವಜನಿಕ ಅಧಿಕಾರದ ಪ್ರಯೋಗವೇ ಆಗುತ್ತದೆ. ಅಂಥ ಪ್ರಯೋಗವು ಪರಿಶೀಲನೆಗೆ ಒಳಪಡಲೇಬೇಕು.

ನಮ್ಮ ನ್ಯಾಯಾಲಯಗಳು ಈ ಎರಡು ಉತ್ತರಗಳಲ್ಲಿ ಒಂದನ್ನು ಆಯ್ದುಕೊಂಡಿಲ್ಲ. ಪಕ್ಷವು ಸದಸ್ಯನನ್ನು ಉಚ್ಚಾಟಿಸುವಾಗ ಅದನ್ನು ಖಾಸಗಿ ಕೂಟವೆಂದೂ, ಅದೇ ಪಕ್ಷವು ಆ ಸದಸ್ಯನ ಶಾಸಕಸ್ಥಾನದ ಮೇಲೆ ಹಕ್ಕು ಸಾಧಿಸುವಾಗ ಅದನ್ನು ಸಂವಿಧಾನದ ಅಂಗವೆಂದೂ ಅವು ಕಂಡಿವೆ. ಇವೆರಡನ್ನೂ ಒಟ್ಟಿಗೆ ಸಮರ್ಥಿಸುವುದು ಸಾಧ್ಯವಿಲ್ಲವೆಂಬುದನ್ನು ಕೆಲವು ಮುಖ್ಯ ತೀರ್ಪುಗಳ ಆಧಾರದಿಂದ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಖಾಸಗಿ ಕೂಟದ ವಾದವನ್ನು ಅತ್ಯಂತ ಸ್ಪಷ್ಟವಾಗಿ ಪ್ರತಿಪಾದಿಸಿದುದು ಆಸ್ಟ್ರೇಲಿಯದ ಹೈಕೋರ್ಟು, ೧೯೩೪ರಲ್ಲಿ, ಕ್ಯಾಮರಾನ್ ಮತ್ತು ಹೋಗನ್ ನಡುವಣ ಮೊಕದ್ದಮೆಯಲ್ಲಿ. ಎಡ್ಮಂಡ್ ಹೋಗನ್ ವಿಕ್ಟೋರಿಯ ಸಂಸ್ಥಾನದ ಲೇಬರ್ ಪಕ್ಷದ ಮುಖ್ಯಮಂತ್ರಿಯಾಗಿದ್ದವನು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಸರ್ಕಾರದ ವೆಚ್ಚವನ್ನು ಕಡಿತಗೊಳಿಸುವ ಸಂಸ್ಥಾನಗಳ ಸಾಮಾನ್ಯ ಯೋಜನೆಯನ್ನು ಆತನು ಬೆಂಬಲಿಸಿದನು. ಪಕ್ಷದ ಕಾರ್ಯಕಾರಿ ಸಮಿತಿ ಅದನ್ನು ವಿರೋಧಿಸಿತು. ೧೯೩೨ರಲ್ಲಿ ಪಕ್ಷವು ಆತನನ್ನು ಹೊರಹಾಕಿತು. ಹೋಗನ್ ನ್ಯಾಯಾಲಯಕ್ಕೆ ಹೋದನು. ವಿಚಾರಣೆ ನಡೆಸಿದ ನ್ಯಾಯಾಧೀಶರು ಉಚ್ಚಾಟನೆಯು ಪಕ್ಷದ ನಿಯಮಗಳಿಗೆ ವಿರುದ್ಧವಾದುದೆಂದು ಕಂಡು, ಒಂದು ಷಿಲಿಂಗಿನ ನಾಮಮಾತ್ರದ ಪರಿಹಾರವನ್ನು ಕೊಡಿಸಿದರು. ಮೇಲ್ಮನವಿಯಲ್ಲಿ ಆ ಒಂದು ಷಿಲಿಂಗೂ ಉಳಿಯಲಿಲ್ಲ. ಇಂಥ ಸಂಘಕ್ಕೆ ಸೇರುವವರು ಪರಸ್ಪರ ನ್ಯಾಯಬದ್ಧವಾದ ಒಪ್ಪಂದಕ್ಕೆ ಒಳಗಾಗುವ ಉದ್ದೇಶವನ್ನು ಹೊಂದಿರುವುದಿಲ್ಲ. ಸ್ವತ್ತಿನ ಹಕ್ಕಿಗೆ ಧಕ್ಕೆಯಾಗದ ಹೊರತು ನ್ಯಾಯಾಲಯವು ಮಧ್ಯೆ ಪ್ರವೇಶಿಸಲಾರದು—ಇದು ಆ ನಿರ್ಣಯದ ಸಾರ.

ಈ ತರ್ಕದಲ್ಲಿ ಒಂದು ಬಗೆಯ ಪ್ರಾಮಾಣಿಕತೆಯಿದೆ. ಪಕ್ಷದ ಒಳಜಗಳಕ್ಕೆ ಕಾನೂನು ಕೈಹಾಕುವುದಿಲ್ಲವಾದರೆ ಪಕ್ಷಕ್ಕೂ ಕಾನೂನಿನ ನೆರವು ದೊರೆಯುವುದಿಲ್ಲ. ಹೋಗನ್‌ನನ್ನು ಪಕ್ಷವು ಹೊರಗೆ ಹಾಕಿತು, ಚುನಾವಣೆಯಲ್ಲಿ ಟಿಕೆಟ್ಟನ್ನೂ ನಿರಾಕರಿಸಿತು. ಆದರೆ ಮತದಾರರು ಆತನನ್ನು ಮತ್ತೆ ಆರಿಸಿ ಕಳುಹಿಸಿದಾಗ ಆತನ ಸ್ಥಾನವನ್ನು ಕಸಿಯುವ ಯಾವ ಸಾಧನವೂ ಪಕ್ಷದ ಕೈಯಲ್ಲಿರಲಿಲ್ಲ. ಕಾನೂನು ಇಬ್ಬರಿಂದಲೂ ಸಮಾನ ದೂರದಲ್ಲಿ ನಿಂತಿತ್ತು. ಅದೇ ದೇಶದ ಕ್ವೀನ್ಸ್‌ಲ್ಯಾಂಡಿನಲ್ಲಿ ಮುಂದೆ ಬಾಲ್ಡ್‌ವಿನ್ ಮತ್ತು ಎವರಿಂಗ್‌ಹ್ಯಾಂ ಮೊಕದ್ದಮೆಯಲ್ಲಿ, ಚುನಾವಣಾ ಶಾಸನವು ಪಕ್ಷಗಳನ್ನು ನೋಂದಾಯಿಸಿ ಮನ್ನಿಸಿದ ಮೇಲೆ ಅವುಗಳನ್ನು ಕೇವಲ ಖಾಸಗಿ ಕೂಟಗಳೆಂದು ತಿಳಿಯುವುದು ಸರಿಯಲ್ಲವೆಂಬ ಅಭಿಪ್ರಾಯ ವ್ಯಕ್ತವಾಯಿತು. ಶಾಸನವು ಪಕ್ಷಕ್ಕೆ ಹತ್ತಿರ ಬಂದಷ್ಟೂ ನ್ಯಾಯಾಲಯವು ದೂರ ನಿಲ್ಲುವುದು ಕಷ್ಟವಾಗುತ್ತದೆ ಎಂಬುದೇ ಇದರ ತಿರುಳು.

ಇಂಗ್ಲೆಂಡಿನ ನ್ಯಾಯಾಲಯಗಳು ಒಪ್ಪಂದದ ದಾರಿಯನ್ನು ಹಿಡಿದವು. ೧೯೬೮ರಲ್ಲಿ ಡೆಸ್ಮಂಡ್ ಡಾನೆಲಿ ಎಂಬ ಪಾರ್ಲಿಮೆಂಟಿನ ಸದಸ್ಯರು ಲೇಬರ್ ಪಕ್ಷದಿಂದ ಉಚ್ಚಾಟಿತರಾದಾಗ ಪೆಂಬ್ರೋಕ್‌ಶೈರಿನ ಸ್ಥಳೀಯ ಶಾಖೆಯಲ್ಲಿ ಒಡಕುಂಟಾಯಿತು. ಅದರಿಂದ ಹುಟ್ಟಿದ ಜಾನ್ ಮತ್ತು ರೀಸ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಮೆಗಾರಿಯವರು, ಸದಸ್ಯನ ಅಹವಾಲನ್ನು ಕೇಳದೆ ಆತನನ್ನು ಅಮಾನತಿನಲ್ಲಿಡುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದರು. ಹತ್ತು ವರ್ಷ ಕಳೆಯುವಷ್ಟರಲ್ಲಿ, ೧೯೭೮ರ ಲೂಯಿಸ್ ಮತ್ತು ಹೆಫರ್ ಮೊಕದ್ದಮೆಯಲ್ಲಿ, ಮೇಲ್ಮನವಿ ನ್ಯಾಯಾಲಯವು ಆ ಮಾತಿಗೆ ಮಿತಿಯನ್ನು ಹಾಕಿತು: ವಿಚಾರಣೆ ಮುಗಿಯುವವರೆಗಿನ ತಾತ್ಕಾಲಿಕ ಅಮಾನತಿಗೆ ಪೂರ್ವಭಾವಿ ವಿಚಾರಣೆ ಅನಾವಶ್ಯಕ ಎಂದಿತು. ಒಪ್ಪಂದದ ದಾರಿಯ ದೌರ್ಬಲ್ಯವು ೨೦೧೬ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಅದೇ ಪಕ್ಷದ ನಾಯಕನ ಆಯ್ಕೆಯಲ್ಲಿ ಇತ್ತೀಚೆಗೆ ಸೇರಿದ ಸದಸ್ಯರಿಗೆ ಮತವಿಲ್ಲವೆಂದು ಕಾರ್ಯಕಾರಿ ಸಮಿತಿ ಗೊತ್ತುಮಾಡಿದಾಗ ಐವರು ಸದಸ್ಯರು ಕೆಳಗಿನ ನ್ಯಾಯಾಲಯದಲ್ಲಿ ಗೆದ್ದು, ಕೆಲವೇ ದಿನಗಳಲ್ಲಿ ಮೇಲಿನ ನ್ಯಾಯಾಲಯದಲ್ಲಿ ಸೋತರು. ನಿಯಮಾವಳಿಯೇ ಸಮಿತಿಗೆ ಆ ಅಧಿಕಾರವನ್ನು ಕೊಟ್ಟಿದೆಯೆಂಬುದು ಕಾರಣ. ಒಪ್ಪಂದವು ಸದಸ್ಯನನ್ನು ರಕ್ಷಿಸುವುದು ಅದರಲ್ಲಿ ಬರೆದಿರುವಷ್ಟು ಮಾತ್ರ; ಅದನ್ನು ಬರೆಯುವವರಾದರೋ ಪಕ್ಷದ ಮುಖಂಡರು.

೩

ಭಾರತದ ನ್ಯಾಯಶಾಸ್ತ್ರಕ್ಕೆ ಈ ವಿಷಯದಲ್ಲಿ ಆಧಾರವಾಗಿರುವ ತೀರ್ಪು ರಾಜಕೀಯ ಪಕ್ಷಕ್ಕೆ ಸಂಬಂಧಿಸಿದುದಲ್ಲ. ಅದು ಬೆಳಗಾವಿಯ ಫ್ರೀಮೇಸನ್ ಸಂಘವೊಂದರಿಂದ ಬಂದುದು. ವಿಕ್ಟೋರಿಯ ಲಾಡ್ಜಿನಿಂದ ಉಚ್ಚಾಟಿತರಾದ ದಾವರ್ ಎಂಬ ಸದಸ್ಯರ ಮೊಕದ್ದಮೆಯು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ೧೯೬೩ರ ವರದಿಗಳಲ್ಲಿ ಆ ತೀರ್ಪು ದಾಖಲಾಗಿದೆ. ನ್ಯಾಯಮೂರ್ತಿ ಸುಬ್ಬರಾಯರು ಅಲ್ಲಿ ಹಾಕಿಕೊಟ್ಟ ಸೂತ್ರಗಳು ಇಂತಿವೆ. ಸಂಘದ ನಿಯಮಗಳು ಸದಸ್ಯರ ನಡುವಣ ಒಪ್ಪಂದ. ಉಚ್ಚಾಟನೆಯು ಆ ನಿಯಮಗಳಿಗೆ ಅನುಸಾರವಾಗಿಯೇ ನಡೆಯಬೇಕು. ಸಿವಿಲ್ ನ್ಯಾಯಾಲಯವು ಸಂಘದ ನಿರ್ಣಯದ ಮೇಲೆ ಅಪೀಲು ನ್ಯಾಯಾಲಯದಂತೆ ಕುಳಿತುಕೊಳ್ಳಲಾರದು. ಆದರೆ ಅಧಿಕಾರವಿಲ್ಲದೆಯಾಗಲಿ, ಸದ್ಭಾವವಿಲ್ಲದೆಯಾಗಲಿ, ಸಹಜ ನ್ಯಾಯವನ್ನು ಉಲ್ಲಂಘಿಸಿಯಾಗಲಿ ಕೊಟ್ಟ ಶಿಕ್ಷೆಯನ್ನು ಅದು ರದ್ದುಪಡಿಸಬಲ್ಲುದು.

ಈ ಸೂತ್ರಗಳು ವಿವೇಕಪೂರ್ಣವಾದುವು. ಹೋಗನ್ ತೀರ್ಪಿನ ನಿಷ್ಠುರತೆ ಇಲ್ಲಿಲ್ಲ; ಸಂಘದ ಸ್ವಾತಂತ್ರ್ಯಕ್ಕೂ ಲೋಪವಿಲ್ಲ. ಆದರೆ ಅವನ್ನು ಅಳತೆಮಾಡಿ ಹೊಲಿದುದು ಒಂದು ಸೋದರಕೂಟಕ್ಕಾಗಿ. ಅಂಥ ಕೂಟದಿಂದ ಹೊರಬಿದ್ದವನು ಒಂದು ಬಗೆಯ ಸಹವಾಸವನ್ನೂ ಗೌರವವನ್ನೂ ಕಳೆದುಕೊಳ್ಳುತ್ತಾನೆ. ಸಾವಿರಾರು ಮತದಾರರು ಆತನಿಗೆ ಒಪ್ಪಿಸಿದ ಕೆಲಸವೇನೂ ಕೆಡುವುದಿಲ್ಲ. ವರ್ಷಗಟ್ಟಲೆ ನಡೆಯುವ ದಾವೆಯು ಆತನಿಗೆ ಕೊನೆಗೂ ನ್ಯಾಯವನ್ನು ಕೊಡಬಹುದು. ಶಾಸಕನ ಅವಧಿಯಾದರೋ ಐದು ವರ್ಷ. ಪಕ್ಷಶಿಸ್ತಿನ ಮೊಕದ್ದಮೆಯಲ್ಲಿ ತಡವಾದ ನ್ಯಾಯವು ಇತಿಹಾಸಕಾರನಿಗೆ ಮಾತ್ರ ಉಪಯುಕ್ತ.

ಸಂಖ್ಯಾಬಲವುಳ್ಳವರಿಗೆ ಈ ವಿಳಂಬದ ಬಾಧೆಯಿಲ್ಲ. ೧೯೬೯ರ ನವೆಂಬರ್ ೧೨ರಂದು ಕಾಂಗ್ರೆಸ್ ಪಕ್ಷವು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರನ್ನೇ ಉಚ್ಚಾಟಿಸಿತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಶ್ರೀ ಎಸ್. ನಿಜಲಿಂಗಪ್ಪನವರು; ಬಿರುಕು ಬಹಿರಂಗಕ್ಕೆ ಬಂದುದು ಅದೇ ವರ್ಷದ ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿದ ಅಧಿವೇಶನದಲ್ಲಿ. ಉಚ್ಚಾಟಿತರಾದ ಪ್ರಧಾನಿಯವರು ತಮ್ಮ ಸದಸ್ಯತ್ವವನ್ನು ಹಿಂದಿರುಗಿಸಿರೆಂದು ಯಾವ ನ್ಯಾಯಾಲಯವನ್ನೂ ಕೇಳಬೇಕಾಗಲಿಲ್ಲ. ಸಂಸತ್ತಿನ ಪಕ್ಷದಲ್ಲಿ ಬಹುಮತ ಅವರ ಕಡೆಗಿತ್ತು. ೧೯೬೮ರ ಚಿಹ್ನೆಗಳ ಆಜ್ಞೆಯ ಅಡಿಯಲ್ಲಿ ಚುನಾವಣಾ ಆಯೋಗವು ೧೯೭೧ರ ಜನವರಿಯಲ್ಲಿ ಅವರ ಬಣವನ್ನೇ ಕಾಂಗ್ರೆಸ್ ಎಂದು ನಿರ್ಧರಿಸಿತು. ಸಾದಿಕ್ ಅಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷದ ನವೆಂಬರಿನಲ್ಲಿ ಆ ನಿರ್ಧಾರವನ್ನು ಎತ್ತಿಹಿಡಿಯಿತು. ಬಹುಮತದ ಪರೀಕ್ಷೆಯೇ ಅಲ್ಲಿ ನಿರ್ಣಾಯಕವಾಯಿತು. ಉಚ್ಚಾಟನೆಯು ನ್ಯಾಯವೋ ಅನ್ಯಾಯವೋ ಎಂಬುದು ಹಿಂದಕ್ಕೆ ಸರಿಯಿತು. ಎರಡು ಬಣಗಳ ನಡುವಣ ಜಗಳಕ್ಕೆ ಇದು ಯೋಗ್ಯವಾದ ಅಳತೆಗೋಲು. ಏಕಾಕಿಯಾದ ಸದಸ್ಯನಿಗೆ ಇದರಿಂದ ಪ್ರಯೋಜನವಿಲ್ಲ. ಎಣಿಕೆಯಲ್ಲಿ ಆತನು ಯಾವಾಗಲೂ ಸೋಲುವವನೇ. ನ್ಯಾಯಾಸನದ ಅಗತ್ಯವಿರುವುದು ಆತನಿಗೇ.

೪

೧೯೮೫ರಲ್ಲಿ ಸಂವಿಧಾನಕ್ಕೆ ೫೨ನೆಯ ತಿದ್ದುಪಡಿಯಾಗಿ ಹತ್ತನೆಯ ಅನುಸೂಚಿ ಸೇರಿದಾಗ ಚಿತ್ರವೆಲ್ಲ ಬದಲಾಯಿತು. ಸ್ವಇಚ್ಛೆಯಿಂದ ಪಕ್ಷದ ಸದಸ್ಯತ್ವವನ್ನು ಬಿಟ್ಟ ಶಾಸಕನೂ, ಪಕ್ಷದ ವಿಪ್ಪಿಗೆ ವಿರುದ್ಧವಾಗಿ ಮತವಿತ್ತ ಶಾಸಕನೂ ತನ್ನ ಸ್ಥಾನವನ್ನು ಕಳೆದುಕೊಳ್ಳುವನೆಂದು ಅದು ವಿಧಿಸಿತು. ಹಾಗೆ ವಿರುದ್ಧವಾಗಿ ಮತವಿತ್ತುದನ್ನು ಹದಿನೈದು ದಿನಗಳೊಳಗೆ ಕ್ಷಮಿಸುವ ಅಧಿಕಾರವನ್ನೂ ಪಕ್ಷಕ್ಕೇ ಕೊಟ್ಟಿತು. ಅಲ್ಲಿಯವರೆಗೆ ಪಕ್ಷದ ಆಜ್ಞೆಗೆ ಪಕ್ಷದ ಶಕ್ತಿಯೇ ಬೆಂಬಲ. ಅಂದಿನಿಂದ ಸಂವಿಧಾನದ ಶಕ್ತಿ. ಆದರೆ ಪಕ್ಷವು ತಾನಾಗಿ ಹೊರಹಾಕಿದ ಶಾಸಕನ ಗತಿಯೇನೆಂಬುದನ್ನು ಅನುಸೂಚಿ ಹೇಳಲಿಲ್ಲ.

ಆ ಪ್ರಶ್ನೆ ತಮಿಳುನಾಡಿನಿಂದ ಬಂದಿತು. ೧೯೯೧ರಲ್ಲಿ ಅಣ್ಣಾ ದ್ರಾವಿಡ ಮುನ್ನೇಟ್ರ ಕಳಗದಿಂದ ಶಾಸನಸಭೆಗೆ ಆಯ್ಕೆಯಾದ ಜಿ. ವಿಶ್ವನಾಥನ್ ಮತ್ತು ಇನ್ನೊಬ್ಬ ಸದಸ್ಯರನ್ನು ಪಕ್ಷವು ೧೯೯೪ರಲ್ಲಿ ಉಚ್ಚಾಟಿಸಿತು. ಸಭಾಧ್ಯಕ್ಷರು ಅವರನ್ನು ಯಾವ ಪಕ್ಷಕ್ಕೂ ಸೇರದವರೆಂದು ಘೋಷಿಸಿದರು. ತರುವಾಯ ಅವರು ಬೇರೊಂದು ಪಕ್ಷವನ್ನು ಸೇರಲು, ೧೯೯೫ರಲ್ಲಿ ಅನರ್ಹರೆನಿಸಿದರು. ಸುಪ್ರೀಂ ಕೋರ್ಟು ೧೯೯೬ರಲ್ಲಿ ಆ ಅನರ್ಹತೆಯನ್ನು ಎತ್ತಿಹಿಡಿಯಿತು. ಚುನಾಯಿತ ಸದಸ್ಯನು ತನ್ನನ್ನು ಅಭ್ಯರ್ಥಿಯಾಗಿ ನಿಲ್ಲಿಸಿದ ಪಕ್ಷಕ್ಕೆ ಸೇರಿದವನೆಂದು ಭಾವಿಸತಕ್ಕದ್ದೆಂಬ ಅನುಸೂಚಿಯ ವಿವರಣೆಯೇ ಅದಕ್ಕೆ ಆಧಾರ. ಪಕ್ಷವು ಉಚ್ಚಾಟಿಸಿದರೂ ಆ ಭಾವನೆ ಅಳಿಯುವುದಿಲ್ಲ. ಯಾವ ಪಕ್ಷಕ್ಕೂ ಸೇರದವರೆಂಬ ವರ್ಗವೇ ಅನುಸೂಚಿಯಲ್ಲಿಲ್ಲ. ಆದುದರಿಂದ ಉಚ್ಚಾಟಿತನು ಬೇರೆ ಪಕ್ಷವನ್ನು ಸೇರಿದರೆ ಮೂಲ ಪಕ್ಷವನ್ನು ಸ್ವಇಚ್ಛೆಯಿಂದ ಬಿಟ್ಟಂತೆಯೇ ಎಂದು ನ್ಯಾಯಾಲಯವು ತೀರ್ಮಾನಿಸಿತು.

ಪದಾರ್ಥದ ದೃಷ್ಟಿಯಿಂದ ಈ ವ್ಯಾಖ್ಯಾನ ಅಸಾಧುವೆನ್ನುವಂತಿಲ್ಲ. ಅದರ ಉದ್ದೇಶವನ್ನೂ ಲಘುವಾಗಿ ಕಾಣಲಾಗದು. ಉಚ್ಚಾಟನೆಯೇ ಬಿಡುಗಡೆಯ ದಾರಿಯಾದರೆ, ಪಕ್ಷಾಂತರಕ್ಕೆ ಮನಸ್ಸುಮಾಡಿದ ಶಾಸಕನು ಬೇಕೆಂದೇ ನಾಯಕರನ್ನು ಕೆಣಕಿ ಉಚ್ಚಾಟನೆಯನ್ನು ಸಂಪಾದಿಸಿಕೊಳ್ಳಬಹುದು. ನಿಷೇಧವು ಕಾಗದದ ಮೇಲಷ್ಟೇ ಉಳಿದೀತು. ಈ ಭಯವು ನಿರಾಧಾರವಾದುದಲ್ಲವೆಂಬುದನ್ನು ನಮ್ಮ ಶಾಸನಸಭೆಗಳ ಚರಿತ್ರೆಯನ್ನು ಬಲ್ಲವರು ಒಪ್ಪುತ್ತಾರೆ.

ನಮ್ಮ ಆಕ್ಷೇಪಣೆಯಿರುವುದು ನ್ಯಾಯಾಲಯವು ಕೊಟ್ಟ ಉತ್ತರಕ್ಕಿಂತ ಅದು ಕೇಳದೆ ಬಿಟ್ಟ ಪ್ರಶ್ನೆಯ ವಿಷಯದಲ್ಲಿ. ಉಚ್ಚಾಟನೆಯು ದಾವರ್ ತೀರ್ಪಿನ ಸೂತ್ರಗಳಿಗೆ ಅನುಗುಣವಾಗಿತ್ತೇ ಎಂಬ ವಿಚಾರಕ್ಕೆ ಈ ತರ್ಕದಲ್ಲಿ ಎಡೆಯೇ ಇಲ್ಲ. ಸಕಾರಣವಾಗಿ ಹೊರಹಾಕಲ್ಪಟ್ಟವನೂ ನಾಯಕನ ಕೋಪಕ್ಕೆ ಗುರಿಯಾದವನೂ ಇಲ್ಲಿ ಒಂದೇ. ಮನೆಯಿಂದ ಹೊರಗೆ ದೂಡಿದ ಯಜಮಾನನೇ ಹೊರಗೆ ನಿಂತವನನ್ನು ಬೇರೆ ಮನೆಗೇಕೆ ಹೋದೆಯೆಂದು ದಂಡಿಸಬಹುದು. ದೂಡಿದುದು ಸರಿಯೇ ಎಂದು ಮಾತ್ರ ಯಾರೂ ಕೇಳುವಂತಿಲ್ಲ. ಪುರಾಣದ ತ್ರಿಶಂಕುವಿಗಾದರೂ ವಿಶ್ವಾಮಿತ್ರನು ತನ್ನದೇ ಒಂದು ಸ್ವರ್ಗವನ್ನು ಕಟ್ಟಿಕೊಟ್ಟನು. ಈ ಶಾಸಕನಿಗೆ ಅದೂ ಇಲ್ಲ.

ಇನ್ನೂ ಮುಖ್ಯವಾದ ಪ್ರಶ್ನೆಯೊಂದು ಇಂದಿಗೂ ತೆರೆದೇ ಇದೆ. ಉಚ್ಚಾಟಿತನಾಗಿ ಯಾವ ಪಕ್ಷವನ್ನೂ ಸೇರದೆ ಒಂಟಿಯಾಗಿ ಉಳಿದವನನ್ನು ಹಳೆಯ ಪಕ್ಷದ ವಿಪ್ಪು ಬಂಧಿಸುತ್ತದೆಯೇ? ೨೦೧೦ರಲ್ಲಿ ಸಮಾಜವಾದಿ ಪಕ್ಷದಿಂದ ಉಚ್ಚಾಟಿತರಾದ ಅಮರ್ ಸಿಂಗ್ ಮತ್ತು ಜಯಪ್ರದಾ ಅವರು ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು. ೨೦೧೬ರಲ್ಲಿ ಆ ಪೀಠವು, ಅರ್ಜಿದಾರರ ಅವಧಿಯೇ ಮುಗಿದಿರುವುದರಿಂದ ಉತ್ತರವು ಅನಾವಶ್ಯಕವೆಂದು ಹೇಳಿ ಪ್ರಶ್ನೆಯನ್ನು ಹಾಗೆಯೇ ಬಿಟ್ಟಿತು. ಆರು ವರ್ಷಗಳ ನಿರೀಕ್ಷಣೆಯ ಫಲ ಇಷ್ಟು. ಅವಧಿ ಮುಗಿಯುವುದು ವ್ಯಕ್ತಿಗಳಿಗೆ. ಪ್ರಶ್ನೆಯು ಮುಂದಿನ ಪ್ರತಿಯೊಬ್ಬ ಉಚ್ಚಾಟಿತ ಶಾಸಕನಿಗೂ ಉಳಿದುಕೊಂಡಿದೆ.

೫

ಇದೇ ನ್ಯಾಯಾಲಯವು ಬೇರೊಂದು ಸಂದರ್ಭದಲ್ಲಿ ಎಷ್ಟು ಸೂಕ್ಷ್ಮವಾಗಿ ವರ್ತಿಸಬಲ್ಲುದೆಂಬುದಕ್ಕೆ ಕರ್ನಾಟಕದ ಉದಾಹರಣೆಯೇ ಸಾಕು. ೨೦೧೦ರ ಅಕ್ಟೋಬರಿನಲ್ಲಿ ಭಾರತೀಯ ಜನತಾ ಪಕ್ಷದ ಹನ್ನೊಂದು ಮಂದಿ ಶಾಸಕರು, ಮುಖ್ಯಮಂತ್ರಿ ಯಡಿಯೂರಪ್ಪನವರ ನೇತೃತ್ವದ ಸರ್ಕಾರಕ್ಕೆ ಬೆಂಬಲವನ್ನು ಹಿಂತೆಗೆದುಕೊಂಡಿರುವುದಾಗಿ ರಾಜ್ಯಪಾಲರಿಗೆ ಬರೆದುಕೊಟ್ಟರು. ವಿಶ್ವಾಸಮತದ ಹಿಂದಿನ ದಿನ ಸಭಾಧ್ಯಕ್ಷರು ಅವರನ್ನು ಅನರ್ಹಗೊಳಿಸಿದರು. ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬಾಲಚಂದ್ರ ಜಾರಕಿಹೊಳಿ ಅವರ ಮೇಲ್ಮನವಿಯಲ್ಲಿ ೨೦೧೧ರ ಮೇ ೧೩ರಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. ಉತ್ತರ ಕೊಡಲು ನಿಯಮಗಳಲ್ಲಿ ಹೇಳಿರುವ ಕಾಲಾವಕಾಶವನ್ನು ಕಡಿತಗೊಳಿಸಿದುದು, ಶಾಸಕರ ವಿರುದ್ಧ ಉಪಯೋಗಿಸಿದ ಪ್ರಮಾಣಪತ್ರದ ಪ್ರತಿಯನ್ನು ಅವರಿಗೆ ಒದಗಿಸದಿದ್ದುದು—ಇವು ಸಹಜ ನ್ಯಾಯಕ್ಕೆ ವಿರುದ್ಧವೆಂದಿತು. ನಾಯಕನ ವಿಷಯದಲ್ಲಿ ಅತೃಪ್ತಿಯನ್ನು ತೋರಿಸುವುದು ಪಕ್ಷವನ್ನು ತೊರೆದಂತೆ ಅಲ್ಲ ಎಂಬ ವಿವೇಚನೆಯನ್ನೂ ಮಾಡಿತು.

ಪಕ್ಷ ಬೇರೆ, ಪಕ್ಷದ ನಾಯಕ ಬೇರೆ ಎಂಬ ಈ ವಿವೇಚನೆ ಬಹು ಮೌಲಿಕವಾದುದು. ಆದರೆ ಇದನ್ನು ವಿಶ್ವನಾಥನ್ ತೀರ್ಪಿನ ಪಕ್ಕದಲ್ಲಿಟ್ಟು ನೋಡಿದರೆ ವೈಷಮ್ಯ ಎದ್ದುಕಾಣುತ್ತದೆ. ಒಬ್ಬ ಶಾಸಕನು ನಾಯಕನನ್ನು ಟೀಕಿಸಿದನೆಂದು ಸಭಾಧ್ಯಕ್ಷರು ಆತನನ್ನು ಅವಸರದಿಂದ ಅನರ್ಹಗೊಳಿಸಿದರೆ ನ್ಯಾಯಾಲಯವು ಪ್ರತಿಯೊಂದು ದಿನವನ್ನೂ ಎಣಿಸುತ್ತದೆ. ಅದೇ ಕಾರಣಕ್ಕೆ ಅಷ್ಟೇ ಅವಸರದಿಂದ ಪಕ್ಷವು ಆತನನ್ನು ಉಚ್ಚಾಟಿಸಿದರೆ, ಅನರ್ಹತೆಯ ವಿಚಾರಣೆಯಲ್ಲಿ ಆ ಉಚ್ಚಾಟನೆಯ ಗುಣದೋಷಗಳು ಪ್ರಸ್ತಾಪಕ್ಕೇ ಬರುವುದಿಲ್ಲ. ಪೆಟ್ಟು ಕೊಟ್ಟ ಕೈ ಬೇರೆಯಾದ ಮಾತ್ರಕ್ಕೆ ಗಾಯವು ಬೇರೆಯಾಗದು.

ಸಿವಿಲ್ ದಾವೆಯ ಮಾರ್ಗವಿದೆಯಲ್ಲ ಎನ್ನಬಹುದು. ಆ ಮಾರ್ಗದ ಉದ್ದವನ್ನು ತಿಳಿಯಲು ತಮಿಳುನಾಡಿನ ಅದೇ ಪಕ್ಷದ ಮತ್ತೊಂದು ಪ್ರಸಂಗವನ್ನು ನೋಡಬಹುದು. ೨೦೨೨ರ ಜುಲೈ ೧೧ರಂದು ಸೇರಿದ ಮಹಾಸಭೆಯು ಮಾಜಿ ಮುಖ್ಯಮಂತ್ರಿ ಓ. ಪನ್ನೀರ್‌ಸೆಲ್ವಂ ಅವರನ್ನು ಉಚ್ಚಾಟಿಸಿತು. ಸಭೆಯನ್ನು ಕರೆದ ಕ್ರಮದ ವಿಷಯದಲ್ಲಿ ಮದರಾಸು ಹೈಕೋರ್ಟಿನ ಏಕಸದಸ್ಯ ಪೀಠವು ಆಗಸ್ಟಿನಲ್ಲಿ ಅವರ ಪರವಾಗಿಯೂ, ವಿಭಾಗೀಯ ಪೀಠವು ಸೆಪ್ಟೆಂಬರಿನಲ್ಲಿ ವಿರುದ್ಧವಾಗಿಯೂ ಆಜ್ಞೆಮಾಡಿದವು. ೨೦೨೩ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎರಡನೆಯದನ್ನು ಎತ್ತಿಹಿಡಿಯಿತು. ಸಭೆಯ ನಿರ್ಣಯಗಳಿಗೆ ತಡೆಯಾಜ್ಞೆ ಬೇಕೆಂಬ ಪ್ರಾರ್ಥನೆ ಮಾರ್ಚಿನಲ್ಲಿ ತಿರಸ್ಕೃತವಾಗಿ, ಮೇಲ್ಮನವಿಯು ಆಗಸ್ಟಿನಲ್ಲಿ ವಜಾ ಆಯಿತು. ಐದು ಹಂತಗಳು, ಹದಿಮೂರು ತಿಂಗಳು. ಇಷ್ಟೂ ಮಧ್ಯಂತರ ಪರಿಹಾರದ ಮಾತು. ಮೂಲ ದಾವೆಗಳ ವಿಚಾರಣೆ ಅದರ ಆಚೆಗೆ. ಮಾಜಿ ಮುಖ್ಯಮಂತ್ರಿಯೊಬ್ಬರಿಗೇ ದಾರಿ ಇಷ್ಟು ದೀರ್ಘವಾದರೆ ಸಾಮಾನ್ಯ ಸದಸ್ಯನ ಪಾಡನ್ನು ಊಹಿಸಿಕೊಳ್ಳಬಹುದು.

೬

ಅನ್ಯ ದೇಶಗಳು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿವೆಯೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಜರ್ಮನಿಯ ಮೂಲ ಕಾನೂನು ಪಕ್ಷಗಳ ಆಂತರಿಕ ರಚನೆಯು ಪ್ರಜಾಪ್ರಭುತ್ವದ ತತ್ತ್ವಗಳಿಗೆ ಅನುಸಾರವಾಗಿರಬೇಕೆಂದು ವಿಧಿಸುತ್ತದೆ. ಅಲ್ಲಿಯ ೧೯೬೭ರ ಪಕ್ಷಗಳ ಶಾಸನದ ಪ್ರಕಾರ, ಸದಸ್ಯನು ಬುದ್ಧಿಪೂರ್ವಕವಾಗಿ ನಿಯಮಾವಳಿಯನ್ನು ಮುರಿದು, ಅಥವಾ ಪಕ್ಷದ ತತ್ತ್ವಗಳನ್ನಾಗಲಿ ಶಿಸ್ತನ್ನಾಗಲಿ ಗುರುತರವಾಗಿ ಉಲ್ಲಂಘಿಸಿ, ಅದರಿಂದ ಪಕ್ಷಕ್ಕೆ ಭಾರಿ ಹಾನಿಯನ್ನುಂಟುಮಾಡಿದ್ದರೆ ಮಾತ್ರ ಉಚ್ಚಾಟನೆ ಸಾಧ್ಯ. ನಿರ್ಣಯವನ್ನು ಕೊಡುವುದು ಕಾರ್ಯಕಾರಿ ಸಮಿತಿಯಿಂದ ಬೇರೆಯಾದ ಪಂಚಾಯಿತಿ ಮಂಡಲಿ, ಅದರ ಮೇಲೆ ಮೇಲ್ಮನವಿಗೆ ಅವಕಾಶವಿರಬೇಕು, ಕಾರಣಗಳನ್ನು ಬರೆದುಕೊಡಬೇಕು. ದಕ್ಷಿಣ ಆಫ್ರಿಕದ ಸಂವಿಧಾನವು ಪಕ್ಷದ ಚಟುವಟಿಕೆಗಳಲ್ಲಿ ಭಾಗವಹಿಸುವುದನ್ನು ನಾಗರಿಕನ ಹಕ್ಕೆಂದೇ ಎಣಿಸಿದೆ. ರಾಮಕಾಟ್ಸ ಮೊಕದ್ದಮೆಯಲ್ಲಿ ೨೦೧೨ರ ಡಿಸೆಂಬರಿನಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ಆಳುವ ಪಕ್ಷದ ಪ್ರಾಂತೀಯ ಸಮ್ಮೇಳನವೊಂದನ್ನೇ ನಿಯಮಬಾಹಿರವೆಂದು ಅಸಿಂಧುಗೊಳಿಸಿತು. ಹೀಗೆ ಮಾಡಿದುದರಿಂದ ಆ ದೇಶಗಳಲ್ಲಿ ಪಕ್ಷಗಳು ಕುಸಿದುಬೀಳಲಿಲ್ಲ.

ನಮ್ಮಲ್ಲಿ ೧೯೮೮ರ ತಿದ್ದುಪಡಿಯು ಪಕ್ಷಗಳ ನೋಂದಣಿಗೆ ಅವಕಾಶ ಕಲ್ಪಿಸಿತು. ಸಂವಿಧಾನಕ್ಕೂ ಪ್ರಜಾಪ್ರಭುತ್ವಕ್ಕೂ ನಿಷ್ಠವಾಗಿರುವುದಾಗಿ ಪಕ್ಷವು ತನ್ನ ನಿಯಮಾವಳಿಯಲ್ಲಿ ಬರೆದುಕೊಳ್ಳಬೇಕು. ಆದರೆ ಆ ನಿಷ್ಠೆಯನ್ನು ಪಕ್ಷದ ಒಳಗೆ ಪರೀಕ್ಷಿಸುವ ಸಾಧನವಿಲ್ಲ. ಕಾನೂನು ಆಯೋಗವು ೧೯೯೯ರ ತನ್ನ ೧೭೦ನೆಯ ವರದಿಯಲ್ಲಿ ಆಂತರಿಕ ಪ್ರಜಾಪ್ರಭುತ್ವವನ್ನು ಶಾಸನದಿಂದ ವಿಧಿಸಬೇಕೆಂದು ಶಿಫಾರಸು ಮಾಡಿತು. ಅದಕ್ಕೂ ಮೊದಲು ೧೯೯೦ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿಯು ವಿಪ್ಪಿನ ಉಲ್ಲಂಘನೆಗಾಗಿ ಅನರ್ಹತೆಯನ್ನು ವಿಶ್ವಾಸಮತದ ಸಂದರ್ಭಗಳಿಗೆ ಸೀಮಿತಗೊಳಿಸಬೇಕೆಂದಿತ್ತು. ಈ ವಿಷಯಗಳಲ್ಲಿ ಪಕ್ಷಗಳ ಉತ್ಸಾಹ ಕಡಿಮೆಯಾಗಿರುವುದು ಸಹಜವೇ. ತನ್ನ ಕೈಯ ಬೆತ್ತವನ್ನು ತಾನೇ ಮುರಿದುಕೊಳ್ಳುವವರು ವಿರಳ.

ಶಾಸನವು ಬರುವವರೆಗೆ ನ್ಯಾಯಾಲಯವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಉಚ್ಚಾಟಿತ ಶಾಸಕನ ಮೇಲೆ ಹತ್ತನೆಯ ಅನುಸೂಚಿಯನ್ನು ಪ್ರಯೋಗಿಸಬೇಕೆಂದು ಪಕ್ಷವು ಬೇಡಿದಾಗಲೆಲ್ಲ, ಆತನ ಉಚ್ಚಾಟನೆಯು ನಿಯಮಾನುಸಾರವಾಗಿಯೂ ಸದ್ಭಾವದಿಂದಲೂ ಅಹವಾಲನ್ನು ಕೇಳಿಯೂ ನಡೆದಿದೆಯೇ ಎಂಬುದನ್ನು ಮೊದಲನೆಯ ವಿವಾದಾಂಶವಾಗಿ ಎತ್ತಿಕೊಳ್ಳಬಹುದು. ಅದಕ್ಕೆ ಬೇಕಾದ ಸೂತ್ರಗಳು ಬೆಳಗಾವಿಯ ಮೊಕದ್ದಮೆಯಲ್ಲಿಯೇ ಸಿದ್ಧವಾಗಿವೆ. ಉಚ್ಚಾಟನೆಯು ಸಕ್ರಮವಾಗಿದ್ದರೆ ವಿಶ್ವನಾಥನ್ ತೀರ್ಪು ಎಂದಿನಂತೆ ಅನ್ವಯಿಸಲಿ. ಶಿಸ್ತನ್ನು ಮುರಿದು ಉಚ್ಚಾಟನೆಯನ್ನು ಸಂಪಾದಿಸಿಕೊಂಡ ಕಪಟಿಗೆ ಇದರಿಂದ ರಕ್ಷಣೆ ದೊರೆಯುವುದಿಲ್ಲ. ಅಕ್ರಮವಾಗಿದ್ದರೆ, ತಾನೇ ಮುರಿದ ಸಂಬಂಧದ ಹೆಸರಿನಲ್ಲಿ ಶಿಕ್ಷೆಯನ್ನು ಬೇಡುವ ಹಕ್ಕು ಪಕ್ಷಕ್ಕೆ ಇರಕೂಡದು. ಹೀಗೆ ಮಾಡಿದರೆ ಅನುಸೂಚಿಯ ಉದ್ದೇಶಕ್ಕೆ ಭಂಗವಿಲ್ಲ, ನಿರಪರಾಧಿಗೆ ದ್ವಿಗುಣ ದಂಡನೆಯೂ ಇಲ್ಲ.

ಹೋಗನ್ ಕೇಳಿದ ಪರಿಹಾರವು ಕೊನೆಗೆ ಒಂದು ಷಿಲಿಂಗಿನಷ್ಟೂ ದೊರೆಯಲಿಲ್ಲ. ಆದರೆ ಆತನ ಮತದಾರರು ಕೊಟ್ಟ ಸ್ಥಾನವನ್ನು ಪಕ್ಷವು ಮುಟ್ಟಲಾಗಲಿಲ್ಲ. ನಮ್ಮ ಸಂವಿಧಾನವು ಬುದ್ಧಿಪೂರ್ವಕವಾಗಿ ಆ ಸ್ಥಾನವನ್ನು ಪಕ್ಷದ ಕೈಗೆ ಎಟಕುವಂತೆ ಇರಿಸಿದೆ. ಅಧಿಕಾರವನ್ನು ಕೊಟ್ಟವರು ಅದರ ಲೆಕ್ಕವನ್ನು ಕೇಳುವ ಬಾಧ್ಯತೆಯನ್ನೂ ಹೊರಬೇಕು. ಆ ಲೆಕ್ಕವನ್ನು ಕೇಳುವ ಸಂದರ್ಭವು ಅಮರ್ ಸಿಂಗ್ ಮೊಕದ್ದಮೆಯಲ್ಲಿ ಒಮ್ಮೆ ಒದಗಿ ಕೈತಪ್ಪಿತು. ಮುಂದಿನ ಸಲವಾದರೂ ಉತ್ತರವು ಶಾಸಕನ ಅವಧಿ ತೀರುವುದಕ್ಕೆ ಮುಂಚೆ ಬರುವಂತಾಗಲಿ.